ಪೀನಿಯಲ್ ಗ್ರಂಥಿಯಿಂದ ಡಿಎಂಟಿ ಸುರಿಯುತ್ತದಾ?

ಪ್ರಶ್ನೆ: ಮೇಡಂ, ನೀವು ಫಾರ್ಮಕಾಲಜಿ ಪಾಠ ಮಾಡುವವರು, ಅದಕ್ಕೇ ಕೇಳುತ್ತಿದ್ದೇನೆ. ಮಿದುಳಿನ ನಡುವೆ ಇರುವ ಪೀನಿಯಲ್ ಗ್ರಂಥಿ ಡಿಎಂಟಿ ಅನ್ನುವ ಭ್ರಮೆ ಹುಟ್ಟಿಸುವ ರಾಸಾಯನಿಕ ಸುರಿಸುತ್ತದೆ, ಸಾಯುವಾಗ ಬೆಳಕು ಕಾಣುವುದು ಅದರಿಂದಲೇ ಅಂತ ಒಂದು ವಿಡಿಯೊದಲ್ಲಿ ನೋಡಿದೆ. ನಿಜವಾ, ಸುಮ್ನೆ ಕಥೆಯಾ?

ಉತ್ತರ: ನಮ್ಮ ದೇಹದಲ್ಲಿ ಡಿಎಂಟಿ ಇರುವುದು ನಿಜ. ಪ್ರೋಟೀನಿನಲ್ಲಿ ಸಿಗುವ ಟ್ರಿಪ್ಟೊಫಾನ್‌ನಿಂದ ದೇಹ ಸೆರಟೋನಿನ್ ಎಂಬ ಸಂದೇಶವಾಹಕ ರಾಸಾಯನಿಕ ಮಾಡಿಕೊಳ್ಳುತ್ತದೆ, ಅಲ್ವಾ? ಅದೇ ಟ್ರಿಪ್ಟೊಫಾನ್ ಇನ್ನೊಂದು ದಾರಿ ಹಿಡಿದರೆ ಟ್ರಿಪ್ಟಮೀನ್ ಆಗುತ್ತದೆ. ಅದಕ್ಕೆ ಎರಡು ಮೀಥೈಲ್ ಗುಂಪು ಅಂಟಿದರೆ ಡಿಎಂಟಿ. ಅಂಟಿಸುವ ಕಿಣ್ವವನ್ನು ಅಮೆರಿಕದ ವಿಜ್ಞಾನಿ ಜೂಲಿಯಸ್ ಆಕ್ಸೆಲ್‌ರಾಡ್ 1961ರಲ್ಲಿ ತೋರಿಸಿದ್ದು ಮೊಲದ ಶ್ವಾಸಕೋಶದಲ್ಲಿ. ಮಿದುಳಿನಲ್ಲಲ್ಲ!

ಪೀನಿಯಲ್ ಮಾತು ಹಬ್ಬಿದ್ದು ರಿಕ್ ಸ್ಟ್ರಾಸ್‌ಮನ್ ಅವರಿಂದ. 1990ರ ದಶಕದಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಸುಮಾರು 60 ಜನರಿಗೆ ಡಿಎಂಟಿ ಚುಚ್ಚಿ ಗಮನಿಸಿದವರು ಅವರು. ಪೀನಿಯಲ್ ವಿಷಯವನ್ನು ಅವರು ಹೇಳಿದ್ದು ಊಹೆ ಅಂತಲೇ. ವಿಡಿಯೊದವರು ಆ ಒಂದು ಪದ ನುಂಗಿಬಿಟ್ಟರು.

ಇಂಥ ರಾಸಾಯನಿಕಗಳ ಬಗ್ಗೆ ಸಂಶೋಧನೆ ಮಾಡಿದ ಡೇವಿಡ್ ನಿಕೋಲ್ಸ್ 2018ರಲ್ಲಿ ಹಾಕಿದ ಲೆಕ್ಕ ನನಗೆ ಇಷ್ಟ. ಅಕ್ಕಿಕಾಳಿನಷ್ಟಿರುವ ಈ ಗ್ರಂಥಿ ದಿನಕ್ಕೆ ಮಾಡುವ ಮೆಲಟೋನಿನ್, ಅಂದರೆ ನಿದ್ದೆಯ ಹಾರ್ಮೋನ್, ಸುಮಾರು 30 ಮೈಕ್ರೋಗ್ರಾಂ. ಅದರ ಮುಖ್ಯ ಕೆಲಸವೇ ಅದು. ಡಿಎಂಟಿಯ ಅನುಭವ ಬರಬೇಕಾದರೆ ಸುಮಾರು 25,000 ಮೈಕ್ರೋಗ್ರಾಂ ಬೇಕು, ಅದೂ ಕೆಲವೇ ನಿಮಿಷಗಳಲ್ಲಿ. ಎಂಟುನೂರು ಪಟ್ಟಿಗೂ ಜಾಸ್ತಿ ಆಯಿತು. ಅಷ್ಟು ಪುಟ್ಟ ಗ್ರಂಥಿ ಎಲ್ಲಿಂದ ತಂದೀತು?

ಪ್ರಶ್ನೆ: ಇಲಿಗಳ ಮಿದುಳಿನಲ್ಲಿ ಸಿಕ್ಕಿದೆಯಂತಲ್ಲ ಮೇಡಂ?

ಉತ್ತರ: ಹೌದು, 2019ರಲ್ಲಿ. ಪೀನಿಯಲ್ ತೆಗೆದುಹಾಕಿದ ಇಲಿಗಳಲ್ಲೂ ಮಿದುಳಿನ ಹೊರಪದರದಲ್ಲಿ ಡಿಎಂಟಿ ಇದ್ದೇ ಇತ್ತು. ಹೃದಯ ನಿಂತ ಮೇಲೆ ಅದರ ಪ್ರಮಾಣ ಏರಿದ್ದೂ ನಿಜ. ನಿಮ್ಮ ವಿಡಿಯೊದವರು ಹಿಡಿದುಕೊಂಡಿರುವುದು ಇದನ್ನೇ ಇರಬೇಕು. ಆದರೆ ಉಸಿರುಗಟ್ಟಿದ ಇಲಿಯ ಮಿದುಳಿನಲ್ಲಿ ಸೆರಟೋನಿನ್, ಡೋಪಮೀನ್ ಕೂಡ ಏರುತ್ತವೆ. ಆ ಗದ್ದಲದಲ್ಲಿ ಬೆಳಕು ತೋರಿಸಿದ್ದು ಡಿಎಂಟಿ ಒಂದೇ ಅನ್ನಲು ಆಧಾರವಿಲ್ಲ. ಬೆಳಕು ಕಂಡಿತಾ ಅಂತ ಇಲಿಯನ್ನು ಕೇಳುವ ಹಾಗೂ ಇಲ್ಲ ನೋಡಿ.

ಇನ್ನೊಬ್ಬರ ಪ್ರಶ್ನೆ: ಎಷ್ಟೋ ಗಿಡಗಳಲ್ಲೂ ಇದೆ ಅಂತಾರೆ. ಹಾಗಾದರೆ ತಿಂದವರಿಗೆಲ್ಲ ಯಾಕೆ ಏನೂ ಆಗುವುದಿಲ್ಲ?

ಉತ್ತರ: ಕರುಳು ಮತ್ತು ಲಿವರ್‌ನಲ್ಲಿರುವ ಮೋನೊ ಅಮೀನ್ ಆಕ್ಸಿಡೇಸ್ ಎಂಬ ಕಿಣ್ವ ಅದನ್ನು ದಾರಿಯಲ್ಲೇ ಮುರಿದುಹಾಕುತ್ತದೆ. ಅಮೆಜಾನ್ ಕಾಡಿನ ಜನ ಅಯಾವಾಸ್ಕ ಕಷಾಯಕ್ಕೆ ಡಿಎಂಟಿ ಇರುವ ಎಲೆಯ ಜೊತೆ ಒಂದು ಬಳ್ಳಿಯನ್ನೂ ಹಾಕಿ ಕುದಿಸುತ್ತಾರೆ. ಬಳ್ಳಿಯಲ್ಲಿರುವ ಹಾರ್ಮೀನ್ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಲ್ಯಾಬ್ ಇಲ್ಲದೆ ಇದನ್ನು ಕಂಡುಕೊಂಡರಲ್ಲ ಅಂತ ನನಗೆ ಇವತ್ತಿಗೂ ಬೆರಗು.

ಅದೇ ಪ್ರಶ್ನೆ ಕೇಳಿದವರು: ನಾನು ಖಿನ್ನತೆಗೆ ಮಾತ್ರೆ ತಗೊಳ್ಳುತ್ತೇನೆ. ಆ ಕಷಾಯ...

ಉತ್ತರ: ಬೇಡವೇ ಬೇಡ. ಅಂಥ ಮಾತ್ರೆಗಳಲ್ಲಿ ಹಲವು ಸೆರಟೋನಿನ್ ಏರಿಸುತ್ತವೆ. ಸೆರಟೋನಿನ್ ಅನ್ನು ಮುರಿಯುವುದೂ ಅದೇ ಕಿಣ್ವ, ಬಳ್ಳಿ ಅದರ ಕೈ ಕಟ್ಟಿದರೆ ಸೆರಟೋನಿನ್ ಕರಗುವುದಿಲ್ಲ. ಎರಡೂ ಸೇರಿದರೆ ಜ್ವರ, ನಡುಕ, ಸ್ನಾಯು ಸೆಟೆದುಕೊಳ್ಳುವುದು, ಜೀವಕ್ಕೇ ಅಪಾಯ. ಕಷಾಯಕ್ಕೋಸ್ಕರ ಮಾತ್ರೆ ನಿಲ್ಲಿಸುವ ಯೋಚನೆಯೂ ಬೇಡ. ಏನೇ ಇದ್ದರೂ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ.