ರೊಮೇನ್ ಲೆಟ್ಯೂಸಿಗೆ ಕನ್ನಡದಲ್ಲಿ ಏನು? (ಸಂಜೆಯೊಳಗೆ ಬೇಕು)

ನಮಸ್ಕಾರ. ಒಂದು ತರಕಾರಿ ಅಂಗಡಿಗೆ ಕನ್ನಡ ಬೋರ್ಡು ಬರೆದುಕೊಡುತ್ತಿದ್ದೇನೆ. ಉಳಿದದ್ದೆಲ್ಲ ಆಯಿತು, ರೊಮೇನ್ ಲೆಟ್ಯೂಸ್ ಮಾತ್ರ ಬಾಕಿ. ಉದ್ದ ಎಲೆ, ನಡುವೆ ದಪ್ಪ ದಂಟು, ಸೀಸರ್ ಸಲಾಡಿಗೆ ಹಾಕುತ್ತಾರಲ್ಲ, ಅದು. ಕಾಸ್ ಲೆಟ್ಯೂಸ್ ಅಂತಲೂ ಹೆಸರಿದೆ. ‘ರೋಮನ್ ಕೋಸು’ ನಡೆಯುತ್ತದೆಯೇ?

---

ನಡೆಯಲ್ಲ. ಕೋಸು ಸಾಸಿವೆಯ ಬಳಗ, ಲೆಟ್ಯೂಸ್ ಸೂರ್ಯಕಾಂತಿಯ ಬಳಗ. ಪಲ್ಯ ಮಾಡಿದ ಗಿರಾಕಿ ಜಗಳಕ್ಕೆ ಬರುತ್ತಾರೆ. ಕಾಸ್ ಅನ್ನುವುದು ಗ್ರೀಸಿನ ಕೋಸ್ ದ್ವೀಪದ ಹೆಸರು. ರೊಮೇನ್ ಅಂದರೆ ಫ್ರೆಂಚಿನಲ್ಲಿ ‘ರೋಮಿನದು’, ಅಷ್ಟೇ. ಸಲಾಡಿನ ಸೀಸರ್ ಮಾತ್ರ ರೋಮಿನವನಲ್ಲ, ಮೆಕ್ಸಿಕೊದ ಟಿಹುವಾನದಲ್ಲಿ ಹೋಟೆಲಿಟ್ಟಿದ್ದ ಸೀಸರ್ ಕಾರ್ಡಿನಿ.

---

> ಗ್ರೀಸಿನ ಕೋಸ್ ದ್ವೀಪದ ಹೆಸರು

ಮತ್ತದೇ ದ್ವೀಪ! ಅರಬ್ಬಿಯಲ್ಲಿ ಲೆಟ್ಯೂಸಿಗೆ ‘ಖಸ್’. ಹೀಬ್ರೂವಿನಲ್ಲಿ ‘ಹಸಾ’, ಪಸ್ಕ ಹಬ್ಬದ ಊಟಕ್ಕೆ ಯಹೂದಿಗಳು ಕಹಿಸೊಪ್ಪು ಅಂತ ಇಡುವುದು ಹೆಚ್ಚಾಗಿ ಇದನ್ನೇ. ಇರಾಕಿನ ಕಡೆಯ ಪುರಾತನ ಅಕ್ಕಾಡಿಯನ್ ಭಾಷೆಯಲ್ಲೂ ಇದೇ ಪದ. ಈಜಿಪ್ಟಿನಲ್ಲಿ ಮಿನ್ ದೇವರ ಪಕ್ಕ ಇಂಥದೇ ಉದ್ದೆಲೆಯ ಗಿಡ ಕೆತ್ತಿದ್ದಾರೆ. ಇಷ್ಟೆಲ್ಲ ಇದ್ದಮೇಲೆ ದ್ವೀಪ ಯಾಕೆ ಬೇಕು? ‘ಖಸ್ ಸೊಪ್ಪು’ ಅನ್ನಿ.

---

ಖಸ್ ಅಂದರೆ ಇಲ್ಲಿ ಲಾವಂಚ. ಶರಬತ್ತು ಮಾಡಬೇಕೇ?

ಲ್ಯಾಟಿನ್ನಿನ ಲಕ್ಟೂಕ ಬಂದದ್ದು ಹಾಲು ಅನ್ನುವ ಪದದಿಂದ. ದಂಟು ಮುರಿದರೆ ಹಾಲು ಒಸರುತ್ತದೆ. ‘ಉದ್ದೆಲೆ ಹಾಲುಸೊಪ್ಪು’ ಅನ್ನಿ. ಅಮೆರಿಕದಿಂದ ಬಂದ ಕಾಯಿಗೆ ಮೆಣಸಿನಕಾಯಿ ಅಂದವರು ನಾವು. ಈಗ ಎಲ್ಲದಕ್ಕೂ ಇಂಗ್ಲಿಷೇ ಬೇಕು, ಸೋಮಾರಿತನ.

---

ಹಾಲು ಒಸರುವುದೇ ಲೆಕ್ಕವಾದರೆ ಮೊದಲು ಎಕ್ಕಕ್ಕೆ ಆ ಹೆಸರು ಕೊಡಿ. ಕ್ಯಾರೆಟ್, ಬೀಟ್ರೂಟ್, ಟೊಮೆಟೊ ತಿನ್ನುವಾಗ ಯಾರಿಗೂ ಕನ್ನಡ ಕೆಟ್ಟಿಲ್ಲ. ನಮ್ಮದೇ ಅಂದುಕೊಂಡಿರುವ ಕೋಸು ಕೂಡ ಹೊರಗಿನಿಂದ ಬಂದ ಪದ. ಸೊಪ್ಪು ಮಾರುವವರು ಏನನ್ನುತ್ತಾರೆ, ಅದನ್ನು ಬರೆಯಿರಿ.

---

> ಸೊಪ್ಪು ಮಾರುವವರು ಏನನ್ನುತ್ತಾರೆ

ಅವರು ಕೊತ್ತಂಬರಿಗೂ ‘ಕಟ್ಟು ಹತ್ತು’ ಅನ್ನುತ್ತಾರೆ. ಅದನ್ನೇ ನಿಘಂಟಿಗೆ ಹಾಕೋಣವೇ?

---

ಯುನಾನಿ ಮದ್ದಿನಂಗಡಿಯಲ್ಲಿ ‘ತುಖ್ಮೆ ಕಾಹೂ’ ಕೇಳಿ ನೋಡಿ. ಲೆಟ್ಯೂಸ್ ಬೀಜವನ್ನೇ ಕೊಡುತ್ತಾರೆ. ಕಾಹೂ ಪಾರಸಿ ಪದ, ಉರ್ದುವಿನಲ್ಲೂ ಅದೇ. ಸೊಪ್ಪು ಹೊಸದು ಅಂತ ಕಿತ್ತಾಡುವ ಮೊದಲು ಇದನ್ನೂ ನೋಡಬಹುದಿತ್ತು, ಅಲ್ವಾ?

---

ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿದರು. ‘ರೊಮೇನ್ ಲೆಟ್ಯೂಸ್ (ಉದ್ದ ಎಲೆ)’ ಅಂತ ಕಳಿಸಿಬಿಟ್ಟೆ. ಎಲ್ಲರಿಗೂ ಥ್ಯಾಂಕ್ಸ್.

---

‘ಲೆಟ್ಯೂಸ್’ ಅಲ್ಲ, ‘ಲೆಟಿಸ್’. ಎರವಲು ತರುವುದಾದರೆ ಸರಿಯಾಗಿಯಾದರೂ ತನ್ನಿ.