ಪುಟ್ ಆಫ್, ಪುಟ್ ಔಟ್, ಪುಟ್ ಅಪ್ ವಿತ್: ನೀವೆಲ್ಲ ಹೇಗೆ ಕಲಿತಿರಿ?

ಹಾಸನದ ಹುಡುಗ: ಮ್ಯಾನೇಜರ್ ‘ಮೀಟಿಂಗ್ ಕಾಲ್ಡ್ ಆಫ್’ ಅಂತ ಮೆಸೇಜ್ ಹಾಕಿದರು. ಆಮೇಲೆ ಕಾಲ್ ಮಾಡ್ತಾರೆ ಅಂತ ಸಂಜೆವರೆಗೂ ಕಾದೆ. ರದ್ದು ಅಂತ ಅರ್ಥವಂತೆ. ಇಂಗ್ಲಿಷಿನ ಇಂಥ ಜೋಡಿಪದಗಳ (ಫ್ರೇಸಲ್ ವರ್ಬ್) ಪಟ್ಟಿ ಬಾಯಿಪಾಠ ಮಾಡಿದರೂ ತಲೆಯಲ್ಲಿ ನಿಲ್ಲುತ್ತಿಲ್ಲ. ನಿಮ್ಮ ಅನುಭವ ಹೇಳಿ.

ಲೀಡ್ಸ್ ನರ್ಸ್: ಇಂಗ್ಲೆಂಡಿನಲ್ಲಿ ನರ್ಸ್ ಕೆಲಸಕ್ಕೆ ಅಂತ ಬರೆದ ಇಂಗ್ಲಿಷ್ ಪರೀಕ್ಷೆ ಓಇಟಿ ಎರಡನೇ ಸಲಕ್ಕೆ ಪಾಸಾಯಿತು. ಕೋಚಿಂಗ್‌ಗೆ 22,000 ರೂಪಾಯಿ, ಅಮ್ಮನ ಬಳೆ ಅಡವಿಟ್ಟು ಕಟ್ಟಿದ್ದು. ಮೊದಲ ಸಲದ ಪರೀಕ್ಷಾ ಶುಲ್ಕ ನೀರಲ್ಲಿ ಹೋಯಿತು. ಇಷ್ಟಾದರೂ ವಾರ್ಡಿನಲ್ಲಿ ಮೂರನೇ ದಿನವೇ ಎಡವಿದೆ. ಸಹಾಯಕಿ ಬಂದು ‘ಬೆಡ್ ನಾಲ್ಕು, ಬ್ರಾಟ್ ಅಪ್ ಹಿಸ್ ಬ್ರೇಕ್‌ಫಾಸ್ಟ್’ ಅಂದಳು. ತಿಂಡಿ ಮೇಲೆ ತಂದುಕೊಟ್ಟರು ಅಂದುಕೊಂಡು ಚಾರ್ಟಿನಲ್ಲಿ ‘ತಿಂದಿದ್ದಾರೆ’ ಅಂತ ಬರೆದೆ. ಅಜ್ಜ ತಿಂದಿದ್ದನ್ನೆಲ್ಲ ವಾಂತಿ ಮಾಡಿದ್ದರು! ಸೀನಿಯರ್ ನನ್ನೆದುರೇ ಆ ಸಾಲು ಹೊಡೆದುಹಾಕಿ ಸಹಿ ಮಾಡಿದರು. ಅವತ್ತಿಂದ ಜೇಬಲ್ಲಿ ಪುಟ್ಟ ಪುಸ್ತಕ ಇದೆ. ಬರೀ ಪದ ಬರೆಯಲ್ಲ, ಕೇಳಿದ ವಾಕ್ಯ ಇಡಿಯಾಗಿ ಬರೆಯುತ್ತೇನೆ.

ನೈಟ್ ಶಿಫ್ಟ್ ಬೆಂಗಳೂರು: ಕಾಲ್ ಸೆಂಟರಲ್ಲಿ ಗ್ರಾಹಕ ‘ಹ್ಯಾಂಗ್ ಆನ್’ ಅಂದ, ಸ್ವಲ್ಪ ತಾಳಿ ಅಂತ. ನಾನು ‘ಹ್ಯಾಂಗ್ ಅಪ್’ ಅಂದುಕೊಂಡು ಫೋನ್ ಇಟ್ಟುಬಿಟ್ಟೆ. ಆ ತಿಂಗಳ ಇನ್ಸೆಂಟಿವ್ 1,500 ರೂಪಾಯಿ ಹೋಯಿತು. ಪುಸ್ತಕ ಗಿಸ್ತಕ ಬೇಡ. ಎರಡನೇ ಪದ ಹಿಡಿಯಿರಿ. ಅಪ್ ಅಂದರೆ ಪೂರ್ತಿ: ಈಟ್ ಅಪ್, ಯೂಸ್ ಅಪ್. ಆಫ್ ಅಂದರೆ ದೂರ, ಇಲ್ಲವೇ ನಿಲ್ಲುವುದು. ನಾನು ಹಾಗೇ ಟೀಮ್ ಲೀಡ್ ಆದೆ.

ಲೀಡ್ಸ್ ನರ್ಸ್: ಅಲಾರಂ ‘ವೆಂಟ್ ಆಫ್’ ಅಂದರೆ ಹೊಡೆದುಕೊಂಡಿತು. ಲೈಟ್ ‘ವೆಂಟ್ ಆಫ್’ ಅಂದರೆ ಆರಿತು. ಹಾಲು ‘ವೆಂಟ್ ಆಫ್’ ಅಂದರೆ ಕೆಟ್ಟಿತು. ನಿಮ್ಮ ಸೂತ್ರ ಇಲ್ಲಿ ಹಾಕಿ ತೋರಿಸಿ.

ದಾವಣಗೆರೆ ಮೇಷ್ಟ್ರು: ಕನ್ನಡದಲ್ಲೂ ಹೀಗೇ ಅಲ್ವಾ? ಕೈ ಕೊಟ್ಟ, ಕೈ ಬಿಟ್ಟ, ಕೈ ಹಿಡಿದ, ಕೈ ಹಾಕಿದ. ಯಾರೂ ಪಟ್ಟಿ ಮಾಡಿ ಕಲಿಯಲಿಲ್ಲ. ನನ್ನನ್ನು ಸತಾಯಿಸಿದ್ದು ಪದಗಳ ಜಾಗ. ‘ಟರ್ನ್ ಇಟ್ ಆಫ್’ ಸರಿ, ‘ಟರ್ನ್ ಆಫ್ ಇಟ್’ ತಪ್ಪು. ಆದರೆ ‘ಲುಕ್ ಆಫ್ಟರ್ ಇಟ್’ ಒಡೆಯುವ ಹಾಗಿಲ್ಲ. ಇಂಟರ್‌ವ್ಯೂನಲ್ಲಿ ‘ಕೋಪ್ ಅಪ್ ವಿತ್’ ಅಂದೆ, ಮೂವರೂ ಮುಖ ಮುಖ ನೋಡಿಕೊಂಡರು. ನಿಭಾಯಿಸುವುದಕ್ಕೆ ‘ಕೋಪ್ ವಿತ್’ ಅಷ್ಟೇ. ಹನ್ನೊಂದು ವರ್ಷವಾಯಿತು, ಇನ್ನೂ ಚುಚ್ಚುತ್ತದೆ.

ನೈಟ್ ಶಿಫ್ಟ್ ಬೆಂಗಳೂರು: ನಮ್ಮಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ಎಲ್ಲರಿಗೂ ಅರ್ಥ ಆಗುತ್ತದೆ. ಬ್ರಿಟಿಷರು ಹೋದರೂ ಅವರಿಗೆ ಹೆದರಬೇಕಾ ಮೇಷ್ಟ್ರೇ?

ಲೀಡ್ಸ್ ನರ್ಸ್: ಹೆದರಿಕೆ ಮಾತಲ್ಲ ಇದು. ‘ಐ ಪಾಸ್ಡ್ ಔಟ್ ಇನ್ 2016’ ಅಂದೆ ಇಲ್ಲಿ. ಯಾಕೆ ಪ್ರಜ್ಞೆ ತಪ್ಪಿತ್ತು ಅಂತ ಕೇಳಿದರು. ಎಸಿ ರೂಮಲ್ಲಿ ಕೂತು ಹೇಳೋದು ಸುಲಭ.

ನೈಟ್ ಶಿಫ್ಟ್ ಬೆಂಗಳೂರು: ಆರು ವರ್ಷ ರಾತ್ರಿಯೆಲ್ಲ ಬೈಗುಳ ಕೇಳಿದವನು ನಾನು. ಎಸಿ ಮಾತು ನನ್ನ ಹತ್ತಿರ ಬೇಡ.

ಹಾಸನದ ಹುಡುಗ: ದಯವಿಟ್ಟು ಜಗಳ ಬೇಡ. ಹಾಲು, ಲೈಟು, ಅಲಾರಂ ಬರೆದುಕೊಂಡೆ. ನಾಳೆ ಬೆಳಿಗ್ಗೆ ಬಂದು ‘ಫಿಲ್ ಮಿ ಇನ್’ ಅಂತ ಮ್ಯಾನೇಜರ್ ಹೇಳಿದ್ದಾರೆ. ಏನು ಮಾಡಲಿ?

ದಾವಣಗೆರೆ ಮೇಷ್ಟ್ರು: ಏನೇನಾಯಿತು ಅಂತ ಅವರಿಗೆ ವಿವರ ಹೇಳಿ, ಅಷ್ಟೇ. ‘ಫಿಲ್ ಇನ್ ಫಾರ್ ಮಿ’ ಅಂದಿದ್ದರೆ ಮಾತ್ರ ಅವರ ಬದಲಿಗೆ ನೀವು ಕೂರಬೇಕು.