ಅಪ್‌ಡೇಟ್: ಮೂರು ಕಡೆ ವ್ಯಾಪಾರ, ಟ್ಯಾಲಿಯಲ್ಲಿ ಎಷ್ಟು ಕಂಪನಿ?

ಹಿಂದೆ ಕೇಳಿದ್ದು ಇಷ್ಟು: ಹುಬ್ಬಳ್ಳಿಯಲ್ಲಿ ನಮ್ಮದು ಪಂಪ್‌ಸೆಟ್ ಸಾಮಾನಿನ ಅಂಗಡಿ, ಗದಗದಲ್ಲಿ ಅದರದೇ ಬ್ರಾಂಚ್, ಬ್ಯಾಡಗಿಯಲ್ಲಿ ಕಾಕಾನ ಹೆಸರಲ್ಲಿ ಮೆಣಸಿನಕಾಯಿ ವ್ಯಾಪಾರ. ಲೆಕ್ಕ ಬರೆಯೋ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಮೂರು ಕಂಪನಿ (ಅಂದರೆ ಬೇರೆ ಬೇರೆ ಲೆಕ್ಕದ ಪುಸ್ತಕ) ಬೇಕಾ, ಒಂದೇ ಸಾಕಾ?

ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಕೊನೆಗೆ ಎರಡು ಮಾಡಿದೆವು. ಕಾಕಾನ ಪ್ಯಾನ್ ಬೇರೆ, ಹಾಗಾಗಿ ಅವರ ಕಂಪನಿಯೂ ಬೇರೆ. ಅದರಲ್ಲಿ ವಾದವೇ ಇಲ್ಲ.

ಹುಬ್ಬಳ್ಳಿ, ಗದಗ ಎರಡಕ್ಕೂ ಒಂದೇ ಪ್ಯಾನ್, ಒಂದೇ ಜಿಎಸ್‌ಟಿ ನಂಬರ್. ಆದ್ದರಿಂದ ಒಂದೇ ಕಂಪನಿ, ಒಳಗೆ ಎರಡು ಗೋಡೌನ್ (ಊರಿಗೊಂದು ಸ್ಟಾಕ್ ಲೆಕ್ಕ). ಸೇಲ್ಸ್‌ಗೆ ಊರಿಗೊಂದು ವೋಚರ್ ಟೈಪ್ (ಎಂಟ್ರಿಯ ಬಗೆ) ಮಾಡಿ ಬಿಲ್ ನಂಬರ್ ಸೀರೀಸ್ ಬೇರೆ ಇಟ್ಟಿದ್ದೇವೆ. ಬಿಲ್ ನಂಬರ್ 16 ಅಕ್ಷರ ದಾಟಬಾರದು, ಊರಿನ ಹೆಸರು ಪೂರ್ತಿ ತುರುಕಬೇಡಿ. ಗದಗಕ್ಕೆ ಮಾಲು ಕಳಿಸುವಾಗ ಜೊತೆಗೆ ಡೆಲಿವರಿ ಚಲನ್ ಚೀಟಿ, ಟ್ಯಾಲಿಯಲ್ಲಿ ಸ್ಟಾಕ್ ಜರ್ನಲ್ (ಒಂದು ಗೋಡೌನ್‌ನಿಂದ ಇನ್ನೊಂದಕ್ಕೆ ಮಾಲು ಹೋದ ಎಂಟ್ರಿ). ಅದು ಮಾರಾಟ ಅಲ್ಲವಲ್ಲ.

ಜಾಸ್ತಿ ಹೊತ್ತು ತಿಂದದ್ದು ಹಳೇ ಉದ್ರಿ. ಒಬ್ಬೊಬ್ಬರ ಬಾಕಿ ಸುಮ್ನೆ ಒಟ್ಟು ಮೊತ್ತವಾಗಿ ಹಾಕಿದರೆ ಬೇಗ ಮುಗೀತಿತ್ತು. ಆದರೆ ಯಾವ ಬಿಲ್ ಎಷ್ಟು ಹಳೆಯದು ಅಂತ ಗೊತ್ತಾಗೋದು ಹೇಗೆ? ಓಪನಿಂಗ್ ಬ್ಯಾಲೆನ್ಸನ್ನು ಬಿಲ್ ಪ್ರಕಾರ, ತಾರೀಕಿನ ಸಮೇತ ಒಡೆದು ಹಾಕಿದೆವು. ಈಗ ವಸೂಲಿಗೆ ಹೋಗೋ ಹುಡುಗನ ಕೈಗೆ ಪಟ್ಟಿ ಕೊಟ್ಟರೆ ಸಾಕು, ಗಿರಾಕಿ ಜೊತೆ ಜಗಳ ಕಡಿಮೆ.

ಟ್ಯಾಲಿವಾಲ್ಟ್ ಪಾಸ್‌ವರ್ಡ್ (ಕಂಪನಿಯ ಡೇಟಾ ಪೂರ್ತಿ ಲಾಕ್ ಮಾಡೋದು) ಹಾಕು ಅಂತ ಒಬ್ಬರು ಹೇಳಿದ್ದರು. ಹಾಕಲಿಲ್ಲ. ಅದು ಮರೆತರೆ ಡೇಟಾ ತೆರೆಯೋಕೆ ಬೇರೆ ದಾರಿ ಇಲ್ಲ, ನಮ್ಮ ಮನೆಯವರ ನೆನಪಿನ ಮೇಲೆ ನನಗೆ ಅಷ್ಟು ನಂಬಿಕೆಯೂ ಇಲ್ಲ. ಬದಲಿಗೆ ಯೂಸರ್‌ಗಳನ್ನು ಮಾಡಿ, ಬಿಲ್ ಹಾಕೋರಿಗೆ ಡೇಟಾ ಎಂಟ್ರಿ ಮಾತ್ರ ಬಿಟ್ಟಿದ್ದೇನೆ. ಕಾಕಾನ ಕಂಪನಿಗೆ ಬ್ಯಾಡಗಿಯಲ್ಲೇ ಎಂಟ್ರಿ ಶುರುವಾಗಿದೆ.